ಜಗಲಿಯ ತನಕ

ಕುಮಟಾದಿಂದ ಹೊನ್ನಾವರದ ಕಡೆಗೆ ಬರುವಾಗ ಹೆದ್ದಾರಿಯನ್ನು ಬಿಟ್ಟು ಒಳಕ್ಕೆ ಹೊರಳಿದರೆ, ಅಡಿಕೆ ತೋಟವೊಂದರ ಮೇಲಂಚಿನಲ್ಲಿ ನನ್ನ ಅಕ್ಕನ ಮನೆ. ಚಿರೆಕಲ್ಲಿನ ದಪ್ಪ ಗೋಡೆ, ಎದುರಿಗೆ ಉದ್ದನೆಯ ಜಗಲಿ, ಒಳಗೆ ನಡುಮನೆ, ಅದಕ್ಕೂ ಒಳಗೆ ದೇವರ ಕೋಣೆ ಮತ್ತು ಅಡಿಗೆಮನೆ. ಸುತ್ತಲೂ ಗುಡ್ಡವಿರುವುದರಿಂದ ಅಲ್ಲಿ ಮೊಬೈಲೆಂಬುದು ಆಷಾಢದ ಬಿಸಿಲಿನಂತೆ. ಬಂದರೆ ಬಂತು, ಇಲ್ಲವಾದರೆ ಇಲ್ಲ. ಆದ್ದರಿಂದ ಅಕ್ಕ ತಂತಿಯ ಫೋನನ್ನು ಇನ್ನೂ ಬಿಟ್ಟಿಲ್ಲ. ತಂತಿ ನಡುಮನೆಯ ಗೋಡೆಯವರೆಗೆ ಮಾತ್ರ. ಅಲ್ಲಿಂದ ಮುಂದೆ ಕಾರ್ಡ್‌ಲೆಸ್. ಬೇಸು ನಡುಮನೆಯಲ್ಲಿ ಕುಳಿತಿರುತ್ತದೆ. ಹ್ಯಾಂಡ್‌ಸೆಟ್ಟು ಅಕ್ಕನ ಸೆರಗಿನ ಜೊತೆಗೆ ಕೊಟ್ಟಿಗೆ, ಹಿತ್ತಿಲು, ಜಗಲಿ ಎಂದು ತಿರುಗುತ್ತದೆ.

ಕಳೆದ ವೈಶಾಖದ ಕೊನೆಯಲ್ಲಿ ಒಂದು ಸಂಜೆ ಬಡಿದ ಸಿಡಿಲಿಗೆ ಬೇಸು ಸುಟ್ಟುಹೋಯಿತು. ಹ್ಯಾಂಡ್‌ಸೆಟ್ಟಿಗೆ ಏನೂ ಆಗಿರಲಿಲ್ಲ. ಪರದೆಯಲ್ಲಿ ಬೆಳಕು ಬರುತ್ತಿತ್ತು, ಗುಂಡಿ ಒತ್ತಿದರೆ ಕೀ ಕೀ ಎನ್ನುತ್ತಿತ್ತು; ಬೇಸನ್ನು ಹುಡುಕುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ತೋರಿಸುತ್ತ ಕುಳಿತಿತ್ತು. “ತಮಾ, ಇದಕ್ಕೆ ಎಂತೂ ಆಜಿಲ್ಲೆ, ಜೀವ ಇದ್ದು. ಮಾತು ಮಾತ್ರ ಇಲ್ಲೆ” ಎಂದಳು ಅಕ್ಕ, ಮನೆಯಲ್ಲಿ ಯಾರಿಗೋ ಲಕ್ವ ಹೊಡೆದವರ ಸುದ್ದಿ ಹೇಳುವಂತೆ.

ಕುಮಟಾ ಪೇಟೆಯಲ್ಲಿ ಅಂಗಡಿಯವರು ಬಿಡಿ ಬೇಸು ಬರುವುದಿಲ್ಲ, ಹೊಸ ಸೆಟ್ಟೇ ತೆಗೆದುಕೊಳ್ಳಬೇಕು ಎಂದರು. ಹಳೆಯ ಹ್ಯಾಂಡ್‌ಸೆಟ್ಟನ್ನು ಏನು ಮಾಡುವುದು ಎಂದು ಕೇಳಿದೆ. “ಮಕ್ಕಳಿಗೆ ಆಡೂಕೆ ಕೊಡಿ” ಎಂದು ನಕ್ಕರು. ಕೆಡದೇ ಇರುವ ವಸ್ತುವನ್ನು ಎಸೆಯುವುದು ನಮ್ಮ ಕಡೆಯ ಹಳಬರಿಗೆ ಪಾಪವೆಂದೇ ಕಾಣುತ್ತದೆ. ಭಾವನಂತೂ ಹರಿದ ಕೊಡೆಯ ಕಡ್ಡಿಯನ್ನು ಅವರೆಬಳ್ಳಿಗೆ ಊರುವ ಜಾತಿ. ಅವರಿಗೆ ಆಗ ಕಪಾಟಿನಲ್ಲಿದ್ದ ಇನ್ನೊಂದು ಹ್ಯಾಂಡ್‌ಸೆಟ್ಟು ನೆನಪಾಯಿತು. ಮಗ ಅಮೆರಿಕದಿಂದ ತಂದ ಸೆಟ್ಟು ಅದು. ಅದರ ಅಡಾಪ್ಟರು ಆ ದೇಶದ ೧೨೦ ವೋಲ್ಟಿಗೆ ಮಾಡಿದ್ದು. ನಮ್ಮ ೨೩೦ ವೋಲ್ಟಿಗೆ ಚುಚ್ಚಿದ ದಿನವೇ ಬೇಸಿನ ಸಮೇತ ಹೋಗಿತ್ತು. ಹಾಗೆ ಮನೆಯಲ್ಲಿ ಬೇಸಿಲ್ಲದ ಹ್ಯಾಂಡ್‌ಸೆಟ್ಟುಗಳು ಎರಡಾದವು.

ಈ ಸಂಗತಿ ಭಟ್ಕಳಕ್ಕೆ ಹೇಗೋ ತಲುಪಿತು. ಅಲ್ಲಿಯ ನವಾಯತ ವ್ಯಾಪಾರಸ್ಥರೊಬ್ಬರಿಗೂ ಭಾವನಿಗೂ ತೆಂಗಿನಕಾಯಿ ವ್ಯವಹಾರದಿಂದ ಬೆಳೆದ ಮೂವತ್ತು ವರ್ಷಕ್ಕೂ ಮೀರಿದ ಸ್ನೇಹ. ಅವರ ತಮ್ಮ ದುಬೈಯಿಂದ ತಂದಿಟ್ಟಿದ್ದ ಒಂದು ಬೇಸು ಅವರ ಮನೆಯಲ್ಲಿತ್ತು. ಹ್ಯಾಂಡ್‌ಸೆಟ್ಟು ಬಾವಿಗೆ ಬಿದ್ದು ಹೋಗಿತ್ತಂತೆ. ಒಂದು ಶನಿವಾರ ಅವರು ಅದನ್ನು ವೃತ್ತಪತ್ರಿಕೆಯಲ್ಲಿ ಸುತ್ತಿಕೊಂಡು ಬಂದೇ ಬಿಟ್ಟರು. ಜಗಲಿಯಲ್ಲಿ ತಮ್ಮ ಎಂದಿನ ಜಾಗದಲ್ಲಿ ಕುಳಿತರು. ಬೆಲ್ಲ ನೀರು ಬಂತು, ಚಹಾ ಬಂತು. ಆದರೆ ಫೋನಿನ ತಂತಿಯ ಕಿಂಡಿ ಇರುವುದು ನಡುಮನೆಯಲ್ಲಿ. ಬೇಸಿನ ಹಿಂದಿನ ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕೆಂಬುದು ಗೊತ್ತಿರುವವರು ಅವರೊಬ್ಬರೇ. ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಆಮೇಲೆ ಅಕ್ಕ, “ಸಾಹೇಬ್ರೆ, ಒಳಗೇ ಬನ್ನಿ” ಎಂದಳು.

ಮೂವತ್ತು ವರ್ಷಗಳಲ್ಲಿ ಆ ಹೊಸ್ತಿಲನ್ನು ಅವರು ದಾಟಿದ್ದು ಅದೇ ಮೊದಲು. ಅವರನ್ನು ಯಾರೂ ತಡೆದಿರಲಿಲ್ಲ. ಯಾರೂ ಕರೆದೂ ಇರಲಿಲ್ಲ.

ನಡುಮನೆಯ ನೆಲದ ಮೇಲೆ ನಾವು ಮೂವರು ಗಂಡಸರು ಕುಳಿತು ಆ ಪೆಟ್ಟಿಗೆಯೊಡನೆ ಗುದ್ದಾಡಿದೆವು. ಸಾಹೇಬರು ಗುಂಡಿ ಒತ್ತಿ ಹಿಡಿದರು. ನಾನು ಕುಮಟಾದ ಹ್ಯಾಂಡ್‌ಸೆಟ್ಟಿನಲ್ಲಿ ನಾಲ್ಕು ಸೊನ್ನೆಗಳನ್ನು ಒತ್ತಿದೆ. ಅರ್ಧ ನಿಮಿಷ ಯೋಚಿಸಿ ಅದು ಒಪ್ಪಿಕೊಂಡಿತು. ಬೇಸು ಒಂದು ಕಂಪನಿಯದು, ಹ್ಯಾಂಡ್‌ಸೆಟ್ಟು ಇನ್ನೊಂದರದು. ಆದರೂ ರಿಂಗು ಬಂತು, ಮಾತು ಸ್ವಚ್ಛವಾಗಿ ಕೇಳಿತು. ಅಮೆರಿಕದ ಹ್ಯಾಂಡ್‌ಸೆಟ್ಟು ಮಾತ್ರ ಎಷ್ಟು ಒತ್ತಿದರೂ ಹುಡುಕುತ್ತಲೇ ಉಳಿಯಿತು. ಒಪ್ಪಿಕೊಂಡದ್ದೂ ಪೂರ್ತಿ ಒಪ್ಪಿಕೊಳ್ಳಲಿಲ್ಲ ಎಂಬುದು ಸಂಜೆ ತಿಳಿಯಿತು. ಬೇಸಿನಲ್ಲಿ ಕೂಡಿಟ್ಟ ಹೆಸರುಗಳ ಪಟ್ಟಿ ಹ್ಯಾಂಡ್‌ಸೆಟ್ಟಿಗೆ ಬರಲೊಲ್ಲದು. ಕರೆ ಬಂದರೆ ನಂಬರು ಕಾಣುತ್ತದೆ, ಹೆಸರು ಕಾಣುವುದಿಲ್ಲ. ಬೇಸಿನ ಮೇಲಿನ ‘ಹ್ಯಾಂಡ್‌ಸೆಟ್ಟನ್ನು ಕರೆ’ ಎಂಬ ಗುಂಡಿ ಒತ್ತಿದರೂ ಸದ್ದಿಲ್ಲ.

ಇಷ್ಟೇ ನಡೆದದ್ದು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ವಸ್ತುಗಳು ಒಂದನ್ನೊಂದು ಒಪ್ಪುವುದೆಂದರೇನು, ಒಪ್ಪದಿರುವುದೆಂದರೇನು, ಒಪ್ಪದಿದ್ದರೆ ತಪ್ಪು ಯಾರದು ಎಂಬ ಪ್ರಶ್ನೆ ಯಂತ್ರದ್ದೆಂದು ತೋರಿದರೂ ಪೂರ್ತಿ ಯಂತ್ರದ್ದಲ್ಲ. ನಮ್ಮ ಮನೆಯ ರೀತಿನೀತಿಗಳನ್ನೇ ಅದರಲ್ಲಿ ಯಾರೋ ತಂತಿ ಬೆಸೆದು ಇಟ್ಟಿರುವಂತೆ ನನಗೆ ಕಂಡಿತು.

ಮೊದಲು ಆ ಅಮೆರಿಕದ ಸಂಗತಿ. ಈ ಡಿಜಿಟಲ್ ಕಾರ್ಡ್‌ಲೆಸ್ಸಿನ ನಿಯಮಾವಳಿಗೆ ಡೆಕ್ಟ್ ಎಂದು ಹೆಸರು. ೧೯೯೨ರ ಹೊತ್ತಿಗೆ ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆ ಇದನ್ನು ರೂಪಿಸಿತು. ಆಗ ಅದರ ಹೆಸರಿನೊಳಗೆ ‘ಯುರೋಪಿಯನ್’ ಎಂಬ ಪದವಿತ್ತು. ಖಂಡ ದಾಟಿ ಹರಡಿದ ಮೇಲೆ ಮೊದಲಕ್ಷರ ಕೆಡದಂತೆ ಅದನ್ನು ‘ಎನ್‌ಹಾನ್ಸ್ಡ್’ ಎಂದು ಬದಲಾಯಿಸಿದರು. ಮದುವೆಯಾಗಿ ಬಂದ ಸೊಸೆಯ ಹೆಸರು ಬದಲಿಸುವ ಹಾಗೆ. ಯುರೋಪಿನಲ್ಲಿ ಅದು ಮಾತನಾಡುವುದು ೧೮೮೦ರಿಂದ ೧೯೦೦ ಮೆಗಾಹರ್ಟ್ಸ್ ಪಟ್ಟಿಯಲ್ಲಿ. ಅಮೆರಿಕದಲ್ಲಿ ಆ ಪಟ್ಟಿ ಬೇರೆಯವರಿಗೆ ಹೋಗಿದ್ದರಿಂದ ೨೦೦೫ರ ಸುಮಾರಿಗೆ ೧೯೨೦ರಿಂದ ೧೯೩೦ರ ಪಟ್ಟಿಯನ್ನು ಕೊಟ್ಟರು. ವ್ಯಾಕರಣ ಒಂದೇ, ಕಂಠ ಬೇರೆ. ದುಬೈ ಬೇಸು ಕೂಗುವ ಎತ್ತರದಲ್ಲಿ ಅಮೆರಿಕದ ಹ್ಯಾಂಡ್‌ಸೆಟ್ಟಿಗೆ ಕಿವಿಯೇ ಇಲ್ಲ.

ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೂ ಒಂದು ಮಾತು. ಜಗತ್ತಿನ ಬಹುಭಾಗದಲ್ಲಿ ಮೂರನೆಯ ತಲೆಮಾರಿನ ಮೊಬೈಲುಗಳು ತಮ್ಮ ಗೋಪುರಕ್ಕೆ ಮಾತು ಕಳಿಸಲು ಗೊತ್ತುಮಾಡಿದ ಪಟ್ಟಿ ೧೯೨೦ರಿಂದ ೧೯೮೦. ಅಮೆರಿಕದ ಕಾರ್ಡ್‌ಲೆಸ್ ಸೆಟ್ಟನ್ನು ಅಂಥ ದೇಶಕ್ಕೆ ಒಯ್ದು ಹಚ್ಚಿದರೆ ಮನೆಯವರಿಗೆ ಏನೂ ತೊಂದರೆಯಿಲ್ಲ. ಅವರ ಸಂಭಾಷಣೆ ಸೊಗಸಾಗಿ ನಡೆಯುತ್ತದೆ. ಪಕ್ಕದ ಬೀದಿಯಲ್ಲಿ ಯಾರದೋ ಮೊಬೈಲು ಗೋಪುರಕ್ಕೆ ಮುಟ್ಟದೆ ಹೋಗಬಹುದು. ಮಾಡುವವನಿಗೆ ಎಂದೂ ಗೊತ್ತಾಗದ ತಪ್ಪು ಇದು. ಅಡಾಪ್ಟರು ಸುಟ್ಟದ್ದು ಒಳ್ಳೆಯದೇ ಆಯಿತೇನೋ.

ಇನ್ನು ಒಪ್ಪಿಕೊಂಡ ಹ್ಯಾಂಡ್‌ಸೆಟ್ಟಿನ ವಿಷಯ. ಇಲ್ಲಿ ನಾನು ಮೊದಲು ಸಿಟ್ಟಾದವನು ನಿಧಾನವಾಗಿ ತಣ್ಣಗಾದೆ. ಯಾವ ಹ್ಯಾಂಡ್‌ಸೆಟ್ಟಾದರೂ ಯಾವ ಬೇಸಿನೊಡನೆಯಾದರೂ ಮಾತನಾಡಲಿ, ಏಕೆ ಈ ನಾಲ್ಕು ಸೊನ್ನೆ, ಏಕೆ ಈ ಗುಂಡಿ ಎಂದು ಕೇಳುವುದು ಸುಲಭ. ಆದರೆ ಅಂಥ ಕಾಲ ಒಂದಿತ್ತು. ಡಿಜಿಟಲ್‌ಗಿಂತ ಹಿಂದಿನ ಮೊದಮೊದಲ ಕಾರ್ಡ್‌ಲೆಸ್ಸುಗಳಿಗೆ ತನ್ನವರು ಹೆರವರು ಎಂಬ ಭೇದವೇ ಇರಲಿಲ್ಲ. ನೆರೆಮನೆಯವನ ಹ್ಯಾಂಡ್‌ಸೆಟ್ಟಿನಿಂದ ನಮ್ಮ ಬೇಸಿನ ಮೂಲಕ ಪರಊರಿಗೆ ಮಾತನಾಡಬಹುದಿತ್ತು. ಬಿಲ್ಲು ನಮಗೆ ಬರುತ್ತಿತ್ತು. ನಮ್ಮ ಗಂಡಹೆಂಡಿರ ಜಗಳ ಸಾಮಾನ್ಯ ರೇಡಿಯೋದ ಅಕ್ಕಪಕ್ಕದಲ್ಲೆಲ್ಲೋ ಕೇಳುತ್ತಿತ್ತು. ಎಲ್ಲರಿಗೂ ತೆರೆದ ಬಾಗಿಲೆಂದರೆ ಔದಾರ್ಯವೆಂದೇನೂ ಅಲ್ಲ. ಬಾಗಿಲೇ ಇಲ್ಲದಿರುವುದೂ ಹಾಗೆಯೇ ಕಾಣುತ್ತದೆ.

ಡೆಕ್ಟ್ ಮಾಡಿದವರು ಈ ತೊಡಕನ್ನು ಬಿಡಿಸಿದ ರೀತಿ ನನಗೆ ಹಿಡಿಸಿತು. ೧೯೯೭ರಿಂದ ಯುರೋಪಿನಲ್ಲಿ ಇಂಥ ಸಾಧಾರಣ ಮಾತಿನ ಫೋನುಗಳೆಲ್ಲ ‘ಗ್ಯಾಪ್’ ಎಂಬ ಸಮಾನ ನಡವಳಿಕೆಯನ್ನು ಪಾಲಿಸಬೇಕೆಂದು ಕಡ್ಡಾಯವಾಯಿತು. ಅದರ ಪ್ರಕಾರ ಅಪರಿಚಿತ ಹ್ಯಾಂಡ್‌ಸೆಟ್ಟು ತಾನಾಗಿ ಒಳನುಗ್ಗುವಂತಿಲ್ಲ. ಅಪರಿಚಿತವೆಂಬ ಒಂದೇ ಕಾರಣಕ್ಕೆ ಅದನ್ನು ಹೊರಗಟ್ಟುವಂತೆಯೂ ಇಲ್ಲ. ಮನೆಯವನು ಬೇಸಿನ ಗುಂಡಿ ಒತ್ತಿ ಗುಟ್ಟಿನ ಸಂಖ್ಯೆ ಹೇಳಿದರೆ, ಅದು ಯಾವ ಕಂಪನಿಯದಾದರೂ ಸರಿ, ಸೇರಿಸಿಕೊಳ್ಳಬೇಕು. ಹಾಗೆ ಸೇರಿದ ಮೇಲೆ ಅವೆರಡಕ್ಕೂ ಮಾತ್ರ ತಿಳಿದ ಒಂದು ಕೀಲಿ ಹುಟ್ಟುತ್ತದೆ. ಮುಂದೆ ಬೇಸು ಒಂದು ಪ್ರಶ್ನೆ ಕೇಳುತ್ತದೆ. ಕೀಲಿಯಿದ್ದವನು ಮಾತ್ರ ಉತ್ತರ ಕೊಡಬಲ್ಲ. ಯಾರನ್ನು ಒಳಗೆ ಕರೆಯಬೇಕೆಂದು ನಿರ್ಧರಿಸುವವನು ಮನೆಯ ಯಜಮಾನ, ಬಾಗಿಲು ಮಾಡಿದ ಬಡಗಿಯಲ್ಲ. ನಮ್ಮಲ್ಲಿ ಬಹುಮಂದಿ ಆ ನಾಲ್ಕು ಸೊನ್ನೆಗಳನ್ನು ಕಾರ್ಖಾನೆಯಿಂದ ಬಂದ ಹಾಗೆಯೇ ಬಿಟ್ಟಿರುತ್ತಾರೆ ಎಂಬುದು ಬೇರೆ ಮಾತು.

ಆ ನಿಯಮಾವಳಿಯಲ್ಲಿ ಇನ್ನೊಂದು ಸೊಗಸಿದೆ, ವಿಷಯಾಂತರವಾದರೂ ಹೇಳದೆ ಇರಲಾರೆ. ತನ್ನ ಪಟ್ಟಿಯನ್ನು ಅದು ಹತ್ತು ಹಾದಿಗಳಾಗಿ ಸೀಳುತ್ತದೆ. ಒಂದೊಂದು ಹಾದಿಯಲ್ಲೂ ಸೆಕೆಂಡಿನ ನೂರನೆಯ ಒಂದು ಪಾಲನ್ನು ಇಪ್ಪತ್ತನಾಲ್ಕು ತುಣುಕು ಮಾಡಿ, ಹನ್ನೆರಡನ್ನು ಬೇಸಿನ ಮಾತಿಗೂ ಹನ್ನೆರಡನ್ನು ಹ್ಯಾಂಡ್‌ಸೆಟ್ಟಿನ ಮಾತಿಗೂ ಇಡುತ್ತದೆ. ಹೀಗೆ ಒಟ್ಟು ೧೨೦ ಸಂಭಾಷಣೆಗಳಿಗೆ ಜಾಗ. ಯಾವ ಮನೆಗೆ ಯಾವ ತುಣುಕು ಎಂದು ಹಂಚುವ ಶಾನುಭೋಗ ಯಾರೂ ಇಲ್ಲ. ಹ್ಯಾಂಡ್‌ಸೆಟ್ಟು ಬಾಯಿ ತೆರೆಯುವ ಮೊದಲು ಸುತ್ತ ಕಿವಿಗೊಟ್ಟು, ಎಲ್ಲಿ ಗದ್ದಲ ಕಡಿಮೆಯೋ ಅಲ್ಲಿ ತನ್ನ ಮಾತು ಆರಂಭಿಸುತ್ತದೆ. ನಡುವೆ ಅಲ್ಲಿ ಬೇರೆಯವರ ಗದ್ದಲ ಹೆಚ್ಚಿದರೆ ಸದ್ದಿಲ್ಲದೆ ಇನ್ನೊಂದು ಕಡೆಗೆ ಸರಿಯುತ್ತದೆ. ನಮ್ಮ ಸಭೆಗಳಲ್ಲಿ ಈ ಯಂತ್ರವನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿದರೆ ತಪ್ಪಿಲ್ಲ.

ಇರಲಿ. ಸೇರಿಸಿಕೊಂಡ ಹ್ಯಾಂಡ್‌ಸೆಟ್ಟಿಗೆ ‘ಗ್ಯಾಪ್’ ಕೊಡಿಸುವುದು ಏನನ್ನು? ಕರೆ ಮಾಡುವುದು, ಕರೆ ತೆಗೆದುಕೊಳ್ಳುವುದು, ಇಂಥ ಮೂಲ ವ್ಯವಹಾರ. ಹೆಸರಿನ ಪಟ್ಟಿ, ಮನೆಯೊಳಗಿನ ಪರಸ್ಪರ ಕರೆ, ಉತ್ತರಿಸುವ ಯಂತ್ರದ ಬೀಗ, ಇವೆಲ್ಲ ಆಯಾ ಕಂಪನಿಯ ಸ್ವಂತ ಬಳಗಕ್ಕೆ ಮೀಸಲು. ಕಂಪನಿಗಳು ಇದಕ್ಕೆ ಕೊಡುವ ಕಾರಣ ತೀರ ಸುಳ್ಳಲ್ಲ. ನಮ್ಮ ವಸ್ತುವಿಗೆ ನಾವು ಹೊಣೆ. ಬೇರೆಯವರ ವಸ್ತು ಜೊತೆಗೆ ಸೇರಿ ಕೆಟ್ಟರೆ ಬೈಗುಳ ನಮಗೆ ಬರುತ್ತದೆ ಎನ್ನುತ್ತಾರೆ. ಆದರೆ ಹೆಸರಿನ ಪಟ್ಟಿಯೇನು ಅವರ ಸೊತ್ತೇ? ಹೆಸರುಗಳು ಅಕ್ಕನ ನೆಂಟರವು, ಒತ್ತಿ ಕೂಡಿಸಿದ ಬೆರಳು ಅಕ್ಕನದು. ಮುಂದೆ ಇದೇ ಬಳಗದವರು ಕ್ಯಾಟ್-ಐಕ್ಯೂ ಎಂಬ ಹೊಸ ಒಪ್ಪಂದದಲ್ಲಿ ಹೆಸರಿನ ಪಟ್ಟಿಯಂಥವನ್ನೂ ಸಮಾನ ನಡವಳಿಕೆಗೆ ತಂದರು. ಮನಸ್ಸು ಮಾಡಿದರೆ ಆಗುವ ಕೆಲಸವೆಂದು ಅದರಿಂದ ತಿಳಿಯುತ್ತದೆ.

ದೂರವಾಣಿಯ ಚರಿತ್ರೆಯಲ್ಲಿ ಈ ಜಗಳ ಹಳೆಯದು. ಅಮೆರಿಕದಲ್ಲಿ ದೊಡ್ಡ ಕಂಪನಿಯೊಂದೇ ಫೋನು ನಡೆಸುತ್ತಿದ್ದ ಕಾಲದಲ್ಲಿ, ಮಾತು ಪಕ್ಕದವರಿಗೆ ಕೇಳದಿರಲೆಂದು ಬಾಯಿಯ ಕಡೆಗೆ ಸಿಕ್ಕಿಸುವ ಒಂದು ಬಟ್ಟಲನ್ನು ಕೂಡ ಅದು ಪರಕೀಯ ವಸ್ತುವೆಂದು ನಿಷೇಧಿಸಿತ್ತು. ಆ ಬಟ್ಟಲಿನವರು ನ್ಯಾಯಾಲಯದಲ್ಲಿ ಗೆದ್ದದ್ದು ೧೯೫೬ರಲ್ಲಿ. ಆಮೇಲೆ ಟೆಕ್ಸಾಸಿನ ಥಾಮಸ್ ಕಾರ್ಟರ್ ಎಂಬಾತ, ಫೋನಿನಿಂದ ದೂರ ದುಡಿಯುವವರ ರೇಡಿಯೋಗೂ ಫೋನಿಗೂ ಸೇತುವೆಯಾಗುವ ಪೆಟ್ಟಿಗೆ ಮಾಡಿದ. ಕಾರ್ಡ್‌ಲೆಸ್ಸಿನ ಮುತ್ತಜ್ಜ ಎನ್ನಬಹುದು. ಅದನ್ನು ಜೋಡಿಸುವ ಹಕ್ಕು ಗ್ರಾಹಕನಿಗೆ ಇದೆಯೆಂದು ಅಲ್ಲಿಯ ಸಂಪರ್ಕ ಆಯೋಗ ೧೯೬೮ರಲ್ಲಿ ತೀರ್ಪಿತ್ತಿತು. ನಮ್ಮಲ್ಲಿ ಆಗ ಫೋನಿನ ಉಪಕರಣವೇ ಇಲಾಖೆಯ ಆಸ್ತಿ. ಬೆಂಗಳೂರಿನ ದೂರವಾಣಿ ನಗರದಲ್ಲಿ ತಯಾರಾದ ಆ ಕಪ್ಪು ಫೋನನ್ನು ಒರೆಸುವ ಹಕ್ಕು ಮಾತ್ರ ನಮ್ಮದು. ಸ್ಥಿತಿ ಬದಲಾದದ್ದೂ ಒಳ್ಳೆಯ ಬಗೆಯಲ್ಲೇ. ಹಳ್ಳಿಗಳಿಗೆಂದು ಸಿ-ಡಾಟ್ ಸಂಸ್ಥೆ ಮಾಡಿದ ೧೨೮ ಕಿಂಡಿಗಳ ಸ್ವಯಂಚಾಲಿತ ಎಕ್ಸ್‌ಚೇಂಜು ೧೯೮೬ರಲ್ಲಿ ನಮ್ಮ ಕಿತ್ತೂರಿನಲ್ಲೇ ಮೊದಲು ನಡೆಯಿತು. ಅದರ ವಿನ್ಯಾಸವನ್ನು ಒಬ್ಬರ ಪೆಟ್ಟಿಗೆಯಲ್ಲಿ ಬೀಗ ಹಾಕಿಡದೆ ಅನೇಕ ತಯಾರಕರಿಗೆ ಕೊಟ್ಟರು. ತೊಂಬತ್ತರ ದಶಕದಲ್ಲಿ ಮದರಾಸಿನ ಐಐಟಿಯಲ್ಲಿ ಅಶೋಕ್ ಝುನ್‌ಝುನ್‌ವಾಲಾ ಮತ್ತು ಸಂಗಡಿಗರು ಇದೇ ಡೆಕ್ಟ್ ನಿಯಮಗಳನ್ನು ಹಿಡಿದು ಕಾರ್‌ಡೆಕ್ಟ್ ಎಂಬ ವ್ಯವಸ್ಥೆ ಮಾಡಿದರು. ಮನೆಯೊಳಗೆ ಐವತ್ತು ಮೀಟರು ಓಡಾಡಲೆಂದು ಹುಟ್ಟಿದ ವಿದ್ಯೆ, ಅಡ್ಡಿಯಿಲ್ಲದ ಬಯಲಿನಲ್ಲಿ ಹತ್ತು ಕಿಲೋಮೀಟರು ದಾಟಿ ತಂತಿ ಎಳೆಯದ ಹಳ್ಳಿಗೆ ಮಾತನ್ನೂ ಇಂಟರ್‌ನೆಟ್ಟನ್ನೂ ಒಟ್ಟಿಗೆ ಒಯ್ಯಿತು. ನಿಯಮ ಯಾರೂ ಓದಿ ಬಳಸಬಹುದಾದದ್ದಾಗಿತ್ತು, ಅದಕ್ಕೇ ಸಾಧ್ಯವಾಯಿತು.

ಹೀಗೆಲ್ಲ ಕಂಪನಿಗಳ ಮೇಲೆ ನ್ಯಾಯ ತೀರಿಸುತ್ತ ಹೋಗುವಾಗ ನನಗೆ ಜಗಲಿ ನೆನಪಾಯಿತು.

ಭಟ್ಕಳದಿಂದ ಕುಮಟಾದವರೆಗೆ, ಶರಾವತಿಯ ಈಚೆ ಆಚೆ, ಎಷ್ಟು ಮಾತುಗಳಿವೆ! ನವಾಯತರ ಮನೆಯಲ್ಲಿ ನವಾಯತಿ, ಸಾರಸ್ವತರಲ್ಲಿ, ಕ್ರೈಸ್ತರಲ್ಲಿ, ಖಾರ್ವಿಗಳಲ್ಲಿ ಬೇರೆ ಬೇರೆ ಕೊಂಕಣಿ, ಹವ್ಯಕರ ಕನ್ನಡ, ಹಾಲಕ್ಕಿಗಳ ಕನ್ನಡ, ನಾಮಧಾರಿಗಳ ಕನ್ನಡ. ಮೀನುಪೇಟೆಯಲ್ಲಿ, ಬಸ್ಸಿನಲ್ಲಿ, ಕಚೇರಿಯ ಎದುರಿನಲ್ಲಿ ಇವರೆಲ್ಲ ಒಂದು ಸಪಾಟು ಕನ್ನಡಕ್ಕೆ ಇಳಿಯುತ್ತಾರೆ. ದರ ಕೇಳುವುದು, ಕ್ಷೇಮ ಕೇಳುವುದು, ಮಳೆಯ ಮಾತು. ಅದು ನಮ್ಮ ‘ಗ್ಯಾಪ್’. ಹೆಸರಿನ ಪಟ್ಟಿ ಮನೆಯ ಮಾತಿನಲ್ಲೇ ಉಳಿಯುತ್ತದೆ. ಮನೆಯ ಮಾತನ್ನು ಮನೆಗೆ ಇಟ್ಟುಕೊಂಡದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹಾಗೆ ಇಟ್ಟುಕೊಂಡದ್ದರಿಂದಲೇ ಅಷ್ಟು ಮಾತುಗಳು ಉಳಿದಿವೆ. ಆದರೆ ಜಗಲಿಯ ವಿಷಯ ಅಷ್ಟು ಸರಳವಲ್ಲ. ಯಾರು ಜಗಲಿಯ ತನಕ, ಯಾರು ಅಂಗಳದ ತನಕ, ಯಾರು ದಣಪೆಯ ಹೊರಗೇ ಎಂಬ ಲೆಕ್ಕ ನಮ್ಮ ಅಜ್ಜಂದಿರ ಕಾಲದಲ್ಲಿ ಬಾಯಿಪಾಠವಿತ್ತು. ಬಂದವನನ್ನು ಹಸಿದು ಕಳಿಸುತ್ತಿರಲಿಲ್ಲ. ಅದನ್ನು ಆತಿಥ್ಯವೆಂದೇ ಕರೆದುಕೊಂಡೆವು. ಅವನು ಕುಡಿದ ಲೋಟ ಮಾತ್ರ ಬೇರೆ ಮೊಳೆಗೆ ತೂಗುತ್ತಿತ್ತು. ಮೂಲ ಸೌಕರ್ಯ ಎಲ್ಲರಿಗೆ, ವಿಶೇಷ ಸೌಕರ್ಯ ನಮ್ಮವರಿಗೆ ಎಂಬ ಕಂಪನಿಯ ಕರಾರನ್ನು ಓದಿ ನನಗೆ ಬಂದ ಸಿಟ್ಟು, ಆ ಮೊಳೆಯನ್ನು ಕಂಡು ಚಿಕ್ಕಂದಿನಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಹಾಗೆಂದು ಜಗಲಿಯನ್ನು ಪೂರ್ತಿ ಜರೆಯಲೂ ಮನಸ್ಸಾಗುವುದಿಲ್ಲ. ೧೯೯೩ರಲ್ಲಿ ಭಟ್ಕಳದಲ್ಲಿ ಗಲಭೆಗಳಾದಾಗ ತಿಂಗಳುಗಟ್ಟಲೆ ಆ ಕಡೆಯ ವ್ಯವಹಾರ ನಿಂತಿತ್ತು. ಭಾವ ಅಲ್ಲಿಗೆ ಹೋಗುವಂತಿರಲಿಲ್ಲ, ಸಾಹೇಬರು ಇಲ್ಲಿಗೆ ಬರುವಂತಿರಲಿಲ್ಲ. ಸುತ್ತಲಿನವರ ಮಾತು ಎರಡೂ ಕಡೆ ಚೆನ್ನಾಗಿರಲಿಲ್ಲ. ಆದರೆ ವಾರಕ್ಕೊಮ್ಮೆ ಕಪ್ಪು ಫೋನು ಹೊಡೆದುಕೊಳ್ಳುತ್ತಿತ್ತು. “ಭಟ್ರೆ, ಆರಾಮಾ?” “ಆರಾಮು. ನಿಮ್ಮ ಕಡೆ?” “ಅಲ್ಲಾಹನ ದಯೆ.” ಅಷ್ಟೇ, ಮುಂದೆ ಮಾತಿಗೆ ಏನೂ ಇರುತ್ತಿರಲಿಲ್ಲ, ಇದ್ದರೂ ಆಡುವಂತಿರಲಿಲ್ಲ. ಕರೆ ಮಾಡುವುದು, ಕರೆ ತೆಗೆದುಕೊಳ್ಳುವುದು. ಆ ವರ್ಷ ಸ್ನೇಹ ಉಳಿದದ್ದು ಅದರ ಮೇಲೆ. ನಡುಮನೆಯ ಸಲಿಗೆಯಿದ್ದ ಎಷ್ಟೋ ನೆಂಟಸ್ತಿಕೆಗಳು ತೋಟದ ಬೇಲಿಯ ಕಾರಣಕ್ಕೆ ಹರಿದುಹೋದದ್ದನ್ನು ನಾನು ಅದೇ ಊರಿನಲ್ಲಿ ಕಂಡಿದ್ದೇನೆ.

ಹಾಗಾದರೆ ಕನಿಷ್ಠದಲ್ಲೇ ತೃಪ್ತರಾಗಬೇಕೇ? ಈ ಪ್ರಶ್ನೆಯನ್ನು ಭಾವನಿಗೇ ಕೇಳಿದೆ. ಅವರು ಅಡಿಕೆ ಕತ್ತರಿಸುತ್ತ ಬಹಳ ಹೊತ್ತು ಸುಮ್ಮನಿದ್ದು, “ಒಳಗೆ ಕರೆಯಲೆ ಎಂತಕ್ಕೆ ಮೂವತ್ತು ವರ್ಷ ಬೇಕಾತು ಅಂತ ಯೋಚನೆ ಮಾಡ್ತಾ ಇದ್ದೆ” ಎಂದರು. ಕರೆಯಬಾರದೆಂಬ ಮನಸ್ಸು ಅವರಿಗೆ ಇರಲಿಲ್ಲವಂತೆ. ಅಂಥ ಸಂದರ್ಭ ಬರಲಿಲ್ಲವಂತೆ. ನನಗೆ ತೋರುವುದು, ಕೆಟ್ಟ ಮನಸ್ಸಿಗಿಂತ ಈ ಬಾರದ ಸಂದರ್ಭವೇ ಹೆಚ್ಚು ಜನರನ್ನು ಹೊರಗೆ ಕೂರಿಸಿದೆ. ಬೇಸಿನಲ್ಲಿ ಗುಂಡಿ ಇರುತ್ತದೆ. ಒತ್ತುವ ಅಧಿಕಾರ ನಮ್ಮ ಕೈಯಲ್ಲೇ ಇರುತ್ತದೆ. ಸಿಡಿಲು ಬೀಳುವ ತನಕ ಅದು ಹಿಂಬದಿಯಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ.

ಕಂಪನಿಯವನಿಗೆ ಈ ನೆವ ಸಲ್ಲುವುದಿಲ್ಲ ಎಂದು ಮಾತ್ರ ನಾನು ಇನ್ನೂ ವಾದಿಸುತ್ತೇನೆ. ನಾವು ಅಭ್ಯಾಸಬಲದಿಂದ ಕರೆಯದೆ ಉಳಿದವರು. ಅವನು ಕುಳಿತು ಲೆಕ್ಕ ಹಾಕಿ, ಗುಂಡಿಯನ್ನೇ ಇಡದೆ ಬಿಟ್ಟವನು.

ಅಕ್ಕನ ಮನೆಯಲ್ಲಿ ಫೋನು ಈಗಲೂ ಹಾಗೆಯೇ ನಡೆಯುತ್ತಿದೆ. ಹೆಸರು ಕಾಣದಿರುವುದಕ್ಕೆ ಅವಳು ಬೇಸಿನ ಮೇಲ್ಗಡೆ ಗೋಡೆಯ ಪಂಚಾಂಗದ ಅಂಚಿನಲ್ಲಿ ನಂಬರುಗಳನ್ನು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾಳೆ. ಭಟ್ಕಳದ ನಂಬರು ಮೇಲಿನಿಂದ ಮೂರನೆಯದು, ಅಮೆರಿಕದ ಮಗನ ಕೆಳಗೆ. ಬೇಸನ್ನು ಹಿಂತಿರುಗಿಸುವ ಮಾತು ಎರಡು ಸಲ ಎದ್ದು ಎರಡು ಸಲವೂ ಬಿದ್ದುಹೋಯಿತು. ಅಮೆರಿಕದ ಹ್ಯಾಂಡ್‌ಸೆಟ್ಟು ಮತ್ತೆ ಕಪಾಟು ಸೇರಿದೆ. ಅದರೊಳಗಿನ ಎರಡು ಚಾರ್ಜು ಸೆಲ್ಲುಗಳನ್ನು ಭಾವ ಕಳಚಿ ಕುಮಟಾದ ಹ್ಯಾಂಡ್‌ಸೆಟ್ಟಿಗೆ ಹಾಕಿದ್ದಾರೆ. ಅವು ಸರಿಯಾಗಿ ಕೂತವು.